ಅಂಚು ಮಡಿಸಿದ ಚಾಪೆ

ನಾನು ಒಂದು ಮುಂಡಿಗೆ ಚಾಪೆ. ಚಾಪೆಯಾಗುವ ಮೊದಲು ಮುಳ್ಳಾಗಿದ್ದೆ. ಮುಂಡಿಗೆಯೆಂದರೆ ಕೇದಗೆ. ಅದರ ಹೂವನ್ನು ಮುಡಿದವರಿಗೆ ಎಲೆಯ ಸಂಗತಿ ಗೊತ್ತಿರುವುದು ಕಡಿಮೆ, ಅದಕ್ಕೇ ಹೇಳುತ್ತಿದ್ದೇನೆ. ಒಂದೊಂದು ಎಲೆಗೂ ಮೂರು ಸಾಲು ಮುಳ್ಳು: ಎರಡು ಪಕ್ಕಕ್ಕೆ ಒಂದೊಂದು, ನಡುಬೆನ್ನಿಗೆ ಮತ್ತೊಂದು. ಮುಂದಕ್ಕೆ ಕೈ ಹಾಕಿದರೂ ಹರಿಯುತ್ತದೆ, ಹಿಂದಕ್ಕೆ ಎಳೆದರೂ ಹರಿಯುತ್ತದೆ. ಅಂಥ ಎಷ್ಟೋ ಎಲೆಗಳು ಸೇರಿ ನಾನಾದೆ. ಆದ್ದರಿಂದ ನಾನು ‘ನಾನು’ ಎಂದಾಗೆಲ್ಲ ನೀವು ‘ನಾವು’ ಎಂದು ತಿಳಿದುಕೊಂಡರೂ ತಪ್ಪಿಲ್ಲ.

ನಾವಿದ್ದದ್ದು ಕಡಲಿಗೂ ಮೊಗವೀರರ ಕೇರಿಗೂ ನಡುವೆ. ಎಲ್ಲಕ್ಕಿಂತ ಮುಂದೆ, ಅಲೆ ಬಂದು ಮುಟ್ಟಿ ಹೋಗುವಲ್ಲಿ, ಅಡುಂಬು ಬಳ್ಳಿ ಮರಳ ಮೇಲೆ ಹರಿದಾಡಿಕೊಂಡು ಬೆಳಗಾದರೆ ನೇರಳೆ ಹೂ ಬಿಡುತ್ತಿತ್ತು. ಅದರ ಹಿಂದೆ ರಾವಣನ ಮೀಸೆ ಎಂಬ ಹುಲ್ಲು. ಬೇಸಗೆಯಲ್ಲಿ ಅದರ ಮುಳ್ಳುಂಡೆಗಳು ಕಳಚಿಕೊಂಡು ಗಾಳಿಗೆ ಉರುಳುತ್ತಾ ಹೋಗುವುದನ್ನು ನೋಡಲು ಮಕ್ಕಳು ಓಡಿಬರುತ್ತಿದ್ದರು. ಆಮೇಲೆ ನಾವು. ನಮ್ಮ ಬೆನ್ನಿಗೆ ಹೊನ್ನೆ ಮರಗಳು. ಯಾರೂ ನೆಟ್ಟವರಲ್ಲ, ಯಾರೂ ನೀರು ಹೊಯ್ದವರಲ್ಲ. ಕಡಲು ಒಂದಿಷ್ಟು ಮರಳು ಕದ್ದರೆ ಬಳ್ಳಿ ಹಿಡಿಯುತ್ತಿತ್ತು, ಬಳ್ಳಿಯ ಕೈ ತಪ್ಪಿದ್ದನ್ನು ಹುಲ್ಲು ಹಿಡಿಯುತ್ತಿತ್ತು, ಹುಲ್ಲಿಗೂ ಆಗದ್ದನ್ನು ನಾವು ಹಿಡಿಯುತ್ತಿದ್ದೆವು.

ನಮ್ಮ ಬೇರಿನ ರೀತಿಯೇ ಬೇರೆ. ಕಾಂಡದ ನಡುವಿನಿಂದಲೇ ಕಾಲು ಇಳಿಬಿಟ್ಟು ನಿಲ್ಲುತ್ತೇವೆ. ಮಬ್ಬಿನಲ್ಲಿ ನೋಡಿದರೆ ನೀರಿನಿಂದ ಎದ್ದುಬಂದ ಜನ ಗುಂಪಾಗಿ ನಿಂತ ಹಾಗೆ ಕಾಣುತ್ತದೆ. ಅದಕ್ಕೇ ಇರಬೇಕು, ಕಡಲಿಗೆ ಹೋಗಿ ಹೆಣವೂ ಸಿಗದವರು ಮುಂಡಿಗೆ ಬುಡಕ್ಕೆ ಬಂದು ನಿಲ್ಲುತ್ತಾರೆ ಎಂದು ಕೇರಿಯವರು ಹೇಳುತ್ತಿದ್ದರು. ನಿಜವೇ ಎಂದು ನನ್ನನ್ನು ಕೇಳಬೇಡಿ. ಗಾಳಿಯಿಲ್ಲದ ಸಂಜೆ ನಮ್ಮ ಎಲೆ ಅಲುಗಿದ್ದುಂಟು. ಹಾವಿರಬಹುದು, ಏಡಿಯಿರಬಹುದು. ಒಮ್ಮೊಮ್ಮೆ ಕೆಮ್ಮು ಕೇಳಿಸಿದ್ದೂ ಉಂಟು. ಏಡಿ ಕೆಮ್ಮುವುದಿಲ್ಲ.

ನಮ್ಮನ್ನು ಕೊಯ್ಯಲು ಬರುತ್ತಿದ್ದವಳು ಅಕ್ಕಣಿ. ಕೇರಿಯಲ್ಲಿ ಚಾಪೆ ಬೇಕೆಂದರೆ ಅವಳೇ. ಕತ್ತಿ ಹಿಡಿದು ನಿಂತು, ಕೈ ಹಾಕುವ ಮೊದಲು ಬುಡದ ಕಡೆಗೆ ಬಗ್ಗಿ ಹೇಳುವಳು: “ಸರೀನಿ ಮಕ್ಳೆ, ಕೈ ಹಾಕ್ತೆ. ಕಚ್ಚುವವ್ರ್ ಹಿಂದ್ ಹೋಯ್ನಿ.” ಹೇಳಿದ್ದು ಹಾವಿಗೋ, ನಿಂತವರಿಗೋ, ಅವಳಿಗೇ ಗೊತ್ತು. ಎಂದೂ ಸುಳಿ ಕೊಯ್ದವಳಲ್ಲ. ಸುಳಿ ಹೋದರೆ ಆ ಕೊಂಬೆ ಅಲ್ಲಿಗೇ ಮುಗಿಯಿತು.

ಅವಳಿಗೆ ಒಬ್ಬನೇ ಮಗ, ಬೀಡಿ ಬಿಡದ ಭೋಜ. ಗಂಡ ತೀರಿಕೊಂಡ ಮೇಲೆ ಅವಳು ಚಾಪೆ ನೇಯ್ದೇ ಸಾಕಿದ ಮಗ. ಭೋಜನಿಗೆ ಮದುವೆಯಾಗಿ, ಜಲಜ ಎಂಬ ಹುಡುಗಿ ಸೊಸೆಯಾಗಿ ಬಂದು ಇನ್ನೂ ಒಂದು ಮಳೆಗಾಲ ಪೂರ್ತಿ ಕಳೆದಿರಲಿಲ್ಲ. ಅಷ್ಟರಲ್ಲಿ ಒಂದು ದಿನ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅವರ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ದೋಣಿಯೂ ಬಂತು. ಭೋಜ ಬರಲಿಲ್ಲ.

ಹೆಣ ಸಿಗದವನ ಕ್ರಿಯೆ ಮಾಡುವುದಕ್ಕೆ ಆ ಕೇರಿಯಲ್ಲಿ ಒಂದು ಕ್ರಮವಿತ್ತು. ಮನೆಯ ಹೆಂಗಸೇ ಮುಂಡಿಗೆ ಚಾಪೆ ನೇಯಬೇಕು. ಮೂರು ಅಂಚು ಮಡಿಸಿ ಕಟ್ಟಬೇಕು, ನಾಲ್ಕನೆಯದನ್ನು ಬಿಟ್ಟುಬಿಡಬೇಕು. ಬಿಟ್ಟ ಅಂಚನ್ನು ಕಡಲಿಗೆ ಮುಖಮಾಡಿ ದಡದಲ್ಲಿ ಹಾಸಿ, ಹೋದವನ ಅಂಗಿ ಇಟ್ಟು, ಏರುವ ನೀರು ಬಂದು ಒಮ್ಮೆ ಮುಟ್ಟಿದ ಮೇಲೆ ಅಂಗಿ ಸಮೇತ ಚಾಪೆ ಸುಡಬೇಕು. ಬಿಟ್ಟ ಅಂಚಿನಿಂದ ಅವನು ಹೊರಟುಹೋಗುತ್ತಾನೆ. ನಾಲ್ಕೂ ಅಂಚು ಮಡಿಸಿದ್ದು ಮಲಗಿ ಏಳುವವರ ಚಾಪೆ.

ಆ ಚಾಪೆಯಾಗಲು ನನ್ನನ್ನು ಕೊಯ್ದರು.

ಅಕ್ಕಣಿ ನಮ್ಮ ಮುಳ್ಳು ಸೀಳಿ ತೆಗೆದಳು, ಸುರುಳಿ ಸುತ್ತಿ ಒಣಗಿಸಿದಳು, ಇಬ್ಬನಿಗೆ ಹಾಕಿದಳು, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿದಳು. ಒಂದು ಮಾತಿಲ್ಲ. ನೇಯುವಾಗ ಕೇರಿಯ ಸುದ್ದಿಯನ್ನೆಲ್ಲ ನಮಗೇ ಹೇಳುವ ಹೆಂಗಸು ಅವಳು. ಮೂರು ಅಂಚು ಮುಗಿಯಿತು. ನಾಲ್ಕನೆಯದಕ್ಕೆ ಬಂದಾಗ ಬೆರಳು ನಿಂತವು. ಹೊರಗೆ ಜಲಜ ನೀರು ಸೇದುತ್ತಿದ್ದಳು, ರಾಟೆಯ ಕಿರುಚು ಕೇಳಿಸುತ್ತಿತ್ತು. ರಾಟೆ ನಿಂತಿತು. ಅಕ್ಕಣಿಯ ಬೆರಳು ಮತ್ತೆ ಹೊರಟವು: ಒಂದು ಎಳೆ ಮಡಿಸಿ ಒಳಕ್ಕೆ, ಇನ್ನೊಂದು ಎಳೆ ಮಡಿಸಿ ಒಳಕ್ಕೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದಳು. ವರ್ಷಗಟ್ಟಲೆಯ ರೂಢಿಯೋ, ಬೇಕೆಂದೇ ಮಾಡಿದ್ದೋ? ಮಡಿಸಿಕೊಂಡವನು ನಾನೇ ಆದರೂ ನನಗೆ ತಿಳಿಯಲಿಲ್ಲ.

ಮರುದಿನ ದಡದಲ್ಲಿ ಜನ ಸೇರಿದ್ದರು. ಭೋಜನ ದೊಡ್ಡಪ್ಪ ಹೆರಿಯಣ್ಣ ಕೇರಿಗೆ ಹಿರಿಯ. ಕ್ರಿಯೆ ಅವನ ಕೈಯಲ್ಲಿ. ನನ್ನನ್ನು ಹಾಸುವ ಮೊದಲು ಸುತ್ತಲೂ ಅಂಗೈ ಆಡಿಸುತ್ತಾ ಬಂದವನು ನಾಲ್ಕನೆಯ ಕಡೆಯಲ್ಲಿ ತಡೆದ.

“ಅಕ್ಕಣಿ, ಇದೆಂತದೆ?”

“ಎಂತ?”

“ಅಂಚ್ ಮಡ್ಸಿದ್ಯಲೆ!”

ಅಕ್ಕಣಿ ಬಗ್ಗಿ ನೋಡಿದಳು. ಮುಟ್ಟಿ ನೋಡಿದಳು. “ನಾ ಮಡ್ಸ್ಲಿಲ್ಲ. ಕೈ ಮಡ್ಸಿತ್.”

“ಕೈ ಯಾರ್ದ್ ಮಾರಾಯ್ತಿ? ನಿಂದಲ್ದಾ?”

ಗುಂಪಿನಲ್ಲಿ ಯಾರೋ ಕೇಳಿದರು, “ಬಿಚ್ರೆ ಆತಿಲ್ಯಾ ಹೆರಿಯಣ್ಣ?”

“ಬಿಚ್ಚೂಕಾಗ. ಮಡ್ಸಿದ್ಮೇಲೆ ಇದ್ ಬದ್ಕಿದ್ದವ್ನ್ ಚಾಪೆ. ಬಿಚ್ಚಿ ಸುಟ್ರೆ ಜೀವ ಇದ್ದವ್ನ್ನೇ ಸುಟ್ಟಂಗೆ. ಬೇರೆ ನೇಯ್ಕ್.”

ಅಕ್ಕಣಿ ಆ ಮಾತನ್ನು ಗಾಳಕ್ಕೆ ಬಿದ್ದ ಮೀನಿನ ಹಾಗೆ ಎಳೆದುಕೊಂಡಳು. “ಬದ್ಕಿದ್ದವ್ನ್ ಚಾಪೆ ಅಂದ್ರಿ. ನೀವೇ ಅಂದದ್. ಎಲ್ಲರೂ ಕೇಂಡ್ಕಣಿ.” ಅಂಗಿಯನ್ನು ಕಂಕುಳಿಗೆ ಸೇರಿಸಿ, ನನ್ನನ್ನು ಸುರುಳಿ ಸುತ್ತಿ ಎತ್ತಿಕೊಂಡಳು. “ಹಂಗಾರ್ ಅವ ಬದ್ಕಿದ್ದ. ನಾ ಬೇರೆ ನೇಯೂದಿಲ್ಲೆ.” ಹೊರಟೇಬಿಟ್ಟಳು. ಹಿಂದೆ ಜಲಜ, ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ, ಒಂದು ಹೆಜ್ಜೆ ಕಡಲ ಕಡೆಗಿಟ್ಟು, ತಿರುಗಿ, ಅತ್ತೆಯ ಹಿಂದೆ ನಡೆದಳು.

ಹಾಗೆ ನಾನು ಸುಡದೆ ಉಳಿದೆ. ಉಳಿದದ್ದು ಸಂತೋಷ ಎಂದು ಹೇಳಲಾರೆ.

ದಿನಾ ಸಂಜೆ ಅಕ್ಕಣಿ ನನ್ನನ್ನು ಜಗಲಿಯಲ್ಲಿ ಹಾಸುತ್ತಿದ್ದಳು. ಯಾರೂ ಕೂರುವಂತಿಲ್ಲ, ಯಾರೂ ದಾಟುವಂತಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನಾನು ಒದ್ದೆ. ಅಂಗಳ ಒಣಗಿದ್ದರೂ ನಾನು ಒದ್ದೆ. ಭುಜ ಇಷ್ಟು, ಸೊಂಟ ಇಷ್ಟು, ಮಗ್ಗುಲಾಗಿ ಮಲಗಿದ ಒಬ್ಬ ಗಂಡಸಿನಷ್ಟು. ಅಕ್ಕಣಿ ಆ ಒದ್ದೆಯ ಪಕ್ಕ ಕುಳಿತು ಒಣಗುವವರೆಗೂ ಮಾತಾಡುತ್ತಿದ್ದಳು: ಬಂಗಡೆ ಬಂತು, ಬೈಗೆ ಮೀನು ಬಂತು, ಹೆರಿಯಣ್ಣನ ಹಲ್ಲು ಬಿತ್ತು. ನಾನು ಕಡಲಂಚಿನ ಎಲೆ, ಮೈತುಂಬ ಉಪ್ಪು. ಉಪ್ಪು ಗಾಳಿಯಿಂದ ನೀರು ಎಳೆಯುತ್ತದೆ, ಅಷ್ಟೇ. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಉಪ್ಪು ಚಾಪೆಯ ಉದ್ದಕ್ಕೂ ಇತ್ತಲ್ಲ, ಒದ್ದೆ ಏಕೆ ಬೆನ್ನಿನಷ್ಟಕ್ಕೇ?

ಜಲಜ ಏನು ಮಾಡಬೇಕಿತ್ತು ಹೇಳಿ. ಗಂಡ ಸತ್ತವಳಲ್ಲ, ಗಂಡ ಇದ್ದವಳೂ ಅಲ್ಲ. ಮದುವೆಗೆ ಕರೆಯುವವರು ಕರೆಯಲು ಅಂಜುತ್ತಿದ್ದರು, ಸಾವಿನ ಮನೆಯವರು ಸುಮ್ಮನೆ ನೋಡುತ್ತಿದ್ದರು. ಮೀನು ಬುಟ್ಟಿ ಹೊತ್ತು ಮಾರಲು ಹೋದಲ್ಲಿ ಜೊತೆಯ ಹೆಂಗಸರು ಕೆಣಕುವರು:

“ಏನ್ ಜಲಜ, ನಿನ್ನೆ ಗಂಡ ಬಂದಿದ್ನಾ?”

“ಬಂದಿದ್ದ. ನಿನ್ನನ್ನೇ ಕೇಂಡ. ಇನ್ನೂ ಹಳ್ಸಿದ್ ಮೀನೇ ಮಾರ್ತ್ಳಾ ಅಂದ.”

ನಗು ಏಳುತ್ತಿತ್ತಂತೆ. ಮನೆಗೆ ಬಂದು ಅದನ್ನೆಲ್ಲ ಅತ್ತೆಗೆ ಅಣಕಿಸಿ ಹೇಳುವಳು, ಇಬ್ಬರೂ ನಗುವರು. ಆಮೇಲೆ ಜಲಜ ಒಳಗೆ ಹೋಗುವಾಗ ನನ್ನನ್ನು ಸುತ್ತುಬಳಸಿ ಹೋಗುವಳು. ಒಂದು ದಿನವೂ ತುಳಿಯಲಿಲ್ಲ.

ಹೊಳೆಯಲ್ಲಿ ದೋಣಿ ನಡೆಸುವ ಸದಾನಂದ ಆಗಾಗ ಮಳಿ ಎಂಬ ತಿನ್ನುವ ಚಿಪ್ಪು ತಂದುಕೊಡುತ್ತಿದ್ದ. ಜಗಲಿಯ ತೀರ ತುದಿಯಲ್ಲಿ, ಅರ್ಧ ಕುಳಿತು ಅರ್ಧ ನಿಂತ ಹಾಗೆ ಇರುವನು. ಚಿಪ್ಪಿನ ವಿಷಯ ಬಿಟ್ಟು ಬೇರೆ ಮಾತಿಲ್ಲ. ಆದರೂ ಜಲಜ ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಕಡೆಗೊಮ್ಮೆ ಆತ ಹೆರಿಯಣ್ಣನ ಹತ್ತಿರ ಹೋಗಿ ಜಲಜಳನ್ನು ಮದುವೆಯಾಗಲು ಕೇಳಿದ. ಹೆರಿಯಣ್ಣ ಇಲ್ಲ ಅನ್ನಲಿಲ್ಲ. “ಒಳ್ಳೇದೇ ಮಗ. ಆರೆ ಚಾಪೆ ಸುಡ್ದೆ ಅವ್ಳ್ ಭೋಜನ ಹೆಂಡ್ತಿಯೇ ಸೈ. ನಾ ಎಂತ ಮಾಡೂದ್?” ಎಂದ. ಆ ಮಾತು ಗಾಳಿಯಲ್ಲೇ ನಮ್ಮ ಜಗಲಿಗೂ ಬಂತು. ಅಕ್ಕಣಿ ಕೇಳಿಯೂ ಕೇಳದ ಹಾಗೆ ನನ್ನನ್ನು ಕೊಡವಿ ಹಾಸಿದಳು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಕಡಲಿಗೆ ಕಲ್ಲಿನ ತಡೆಗೋಡೆ ಕಟ್ಟಲು ಯಂತ್ರ ಬಂತು. ಕಲ್ಲು ಇಳಿಸಲು ಜಾಗ ಬೇಕು ಎಂದು ಮುಂಡಿಗೆ ಹಿಂಡನ್ನು ಬುಡ ಸಮೇತ ಕಿತ್ತು ಎಳೆದರು. ಬಳ್ಳಿ, ಹುಲ್ಲು ಕಲ್ಲಿನಡಿ ಹೋದವು. ನಾನು ಜಗಲಿಯಿಂದ ಕೇಳುತ್ತಿದ್ದೆ. ನಮ್ಮ ಬೇರು ನೆಲ ಬಿಡುವಾಗ ಹಳೆಯ ಬಟ್ಟೆ ಹರಿದ ಸದ್ದು. ಅಕ್ಕಣಿ ಅಂಗಳದಲ್ಲಿ ನಿಂತು ಅತ್ತಳು. ಕಣ್ಣೊರೆಸಿಕೊಂಡು ಒಳಗೆ ಬಂದವಳು ನನ್ನ ಅಂಚು ಸವರುತ್ತಾ ಮೆಲ್ಲಗೆ ಅಂದಳು, “ಇನ್ ಮುಂಡಿಗೆಯೇ ಇಲ್ಲೆ. ಇನ್ ಯಾರ್ ನೇಯ್ತ್ರ್ ಕಾಂಬ.” ಆ ದನಿಯಲ್ಲಿ ದುಃಖದ ಕೆಳಗೆ ಇನ್ನೊಂದು ಇತ್ತು. ಗೆದ್ದವರ ದನಿ ಹಾಗಿರುತ್ತದೆ. ನನಗೆ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಜಲಜ ಕೆಲಸ ಮುಗಿಸಿ ಬಂದು ಅತ್ತೆಯ ಎದುರು ಕುಳಿತಳು.

“ಅತ್ತೆ, ನಂಗ್ ಚಾಪೆ ನೇಯೂಕ್ ಕಲ್ಸಿ.”

“ಎಂತಕೆ? ಪ್ಯಾಟಿಯಂಗ್ ಪ್ಲಾಸ್ಟಿಕ್ ಚಾಪೆ ಸಿಕ್ಕತ್ತಲೆ. ಕೆಂಪ್, ಹಸ್ರ್, ನವಿಲ್ ಇದ್ದದ್ದೂ ಇತ್ತ್.”

“ಪ್ಲಾಸ್ಟಿಕ್ ಚಾಪೆ ಕಡ್ಲಿಗ್ ಮುಖ ಮಾಡಿ ಹಾಸೂಕಾತ್ತಾ?”

ಅಕ್ಕಣಿಯ ಬಾಯಿಯ ಎಲೆಯಡಿಕೆ ಜಗಿಯುವುದು ನಿಂತಿತು. “ಮುಂಡಿಗೆ ಎಲ್ಲಿತ್ತ್?”

“ಕುದ್ರಂಗೆ ಇತ್ತಂಬ್ರ್. ಸದಾನಂದ ಕಂಡಿದ್ರ್.”

“ಓ. ಸದಾನಂದ.”

“ಹ್ಞೂಂ. ಸದಾನಂದ.” ಜಲಜ ಕಣ್ಣು ತಗ್ಗಿಸಲಿಲ್ಲ.

ಅಕ್ಕಣಿ ಕಲಿಸುವುದಿಲ್ಲ ಎನ್ನಲಿಲ್ಲ. ನೇಯಲು ಕಲಿಸಿ ಎಂದು ಕೇಳಿದವರಿಗೆ ಅವಳು ಎಂದೂ ಇಲ್ಲ ಎಂದವಳಲ್ಲ, ಅದೊಂದು ಅವಳ ಹೆಮ್ಮೆ. “ಎಲಿ ಕೊಯ್ಯೂಕೆ ನಾನೂ ಬತ್ತೆ. ನಿಂಗ್ ಸುಳಿ ಯಾವ್ದ್ ಎಲಿ ಯಾವ್ದ್ ಗೊತ್ತಿಲ್ಲೆ,” ಅಂದಳು. ಮುಳ್ಳೆಲೆ ಕಟ್ಟಿ ತರಲು ಏನಾದರೂ ಬೇಕಲ್ಲ, ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡಳು. ಅಷ್ಟು ವರ್ಷಗಳಲ್ಲಿ ನಾನು ಮೊದಲ ಸಲ ಜಗಲಿ ಇಳಿದದ್ದು.

ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಸದಾನಂದನ ದೋಣಿಯಲ್ಲಿ ಹೊರಟೆವು. ಸುತ್ತಲೂ ಕಾಂಡ್ಲ ಗಿಡಗಳು ಉಪ್ಪುನೀರಿನಲ್ಲಿ ಕಾಲಿಟ್ಟು ನಿಂತಿದ್ದವು; ಕೆಸರಿನಿಂದ ಅವುಗಳ ಉಸಿರುಬೇರು ಬೆರಳುಗಳ ಹಾಗೆ ಮೇಲಕ್ಕೆ ಚಾಚಿತ್ತು. ದಡದಲ್ಲಿ ಹೊಳೆಚುಳ್ಳಿಯ ಮುಳ್ಳುಪೊದೆ, ಅದರ ನೀಲಿ ಹೂ.

“ಕಾಂಡ್ಲದ್ ಬೀಜ ಕಾಣಿ ಅಕ್ಕಣಮ್ಮ, ಮರದ್ ಮೇಲೇ ಮೊಳ್ಕಿ ಬಪ್ಪುದ್. ಉದ್ದ ಆದ್ಮೇಲೆ ಕಳ್ಚಿ ಕೆಸ್ರಿಗ್ ಬೀಳತ್ತ್,” ಎಂದು ಸದಾನಂದ ಮಾತು ತೆಗೆದ. ಪಾಪ, ಬಾಯಿ ಬಿಡದೆ ಇರುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ.

“ನೀ ದೋಣಿ ನೆಟ್ಟಗ್ ಹಾಕ್. ಗಿಡ ನಾ ಕಂಡಿದೆ,” ಎಂದಳು ಅಕ್ಕಣಿ. ಜಲಜ ನೀರಿನ ಕಡೆ ಮುಖ ತಿರುಗಿಸಿ ನಕ್ಕಳು.

ಸದಾನಂದ ದೋಣಿಯಲ್ಲೇ ಉಳಿದ. ಇವರಿಬ್ಬರು ಕೆಸರು ದಾಟಿ ಒಳಗೆ ನಡೆದರು. ನಡುವೆ ಸ್ವಲ್ಪ ಎತ್ತರದ ಮರಳು ನೆಲ, ಅಲ್ಲಿ ಮುಂಡಿಗೆ. ನನ್ನವರೇ. ಕಾಲು ಇಳಿಬಿಟ್ಟು, ಒತ್ತೊತ್ತಾಗಿ, ಯಾರಿಗೋ ಕಾದ ಹಾಗೆ. ಅಕ್ಕಣಿ ಬಗ್ಗಿ ಎಂದಿನ ಮಾತು ಹೇಳಿದಳು: “ಸರೀನಿ ಮಕ್ಳೆ, ಕೈ ಹಾಕ್ತೆ.” ಗಾಳಿ ಇರಲಿಲ್ಲ. ಎಲೆ ಸರಿದವು.

ಜಲಜ ಕತ್ತಿ ಬೀಸಿದಳು. ಮೊದಲ ಪೆಟ್ಟಿಗೇ ಸುಳಿ ಹಾರಿತು.

“ಅಯ್ಯೋ ಹೆಣ್ಣೆ! ಸುಳಿ ಕೊಯ್ದ್ಯಲೆ! ಕೊಂಬಿ ಸಾಯತ್ತಲೆ!”

ಜಲಜಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವಳು ಆ ಎಳೆಯ ಬಿಳಿ ಸುಳಿಯನ್ನು ಹೆಕ್ಕಿಕೊಂಡು ಅತ್ತೆಯ ಮುಂದೆ ಹಿಡಿದಳು. “ಇದ್ ಸಾಯತ್ತ್ ಅಂದ್ ನಿಮ್ಗ್ ಗೊತ್ತಾಯ್ತ್. ಇಷ್ಟ್ ವರ್ಷ ಒಂದೇ ಮನಿಯೊಳ್ಗ್ ಇದ್ದಿತ್, ನಂದ್ ಗೊತ್ತಾಯಿಲ್ಯಾ ಅತ್ತೆ?”

ಅಕ್ಕಣಿ ಉತ್ತರ ಕೊಡಲು ಬಾಯಿ ತೆರೆದಳು. ಆಗ ಬುಡದ ಕತ್ತಲೆಯಲ್ಲಿ ಯಾರೋ ಕೆಮ್ಮಿದರು.

ಬೀಡಿ ಸೇದುವವನ ಕೆಮ್ಮು. ಒಂದು ಉದ್ದ, ಆಮೇಲೆ ಎರಡು ಗಿಡ್ಡ. ಸದಾನಂದ ದೂರ ದೋಣಿಯಲ್ಲಿದ್ದ, ಬೀಡಿ ಮುಟ್ಟುವವನೂ ಅಲ್ಲ. ನನ್ನನ್ನು ಹಿಡಿದಿದ್ದ ಅಕ್ಕಣಿಯ ಕೈ ಬಿಗಿಯಾಯಿತು, ಉಗುರು ನನ್ನ ಎಳೆಗಳೊಳಗೆ ಇಳಿಯಿತು. ಅವಳು ಬಗ್ಗಿದಳು. ಒಂದೊಂದೇ ಬೇರನ್ನು ನೋಡಿದಳು. ಮಗುವಿಗೆ ಜ್ವರ ಬಂದಾಗ ಹಣೆ ಮುಟ್ಟುವ ಹಾಗೆ ಒಂದನ್ನು ಮುಟ್ಟಿದಳು, ಬಹಳ ಹೊತ್ತು ಮುಟ್ಟಿಕೊಂಡೇ ಇದ್ದಳು.

“ಇಲ್ಲಿದ್ಯಾ,” ಅಂದಳು. ಪ್ರಶ್ನೆ ಕೇಳಿದ ಹಾಗಿರಲಿಲ್ಲ.

ಜಲಜ ಕತ್ತಿ ಕೆಳಗಿಟ್ಟಿದ್ದಳು. ಅವಳಿಗೂ ಕೇಳಿಸಿತ್ತೋ ಇಲ್ಲವೋ, ಅವಳು ಇವತ್ತಿನವರೆಗೆ ಹೇಳಿಲ್ಲ. ಅಕ್ಕಣಿ ಎದ್ದು ನಿಂತು, “ಬುಡದ ಕಡಿ ಎಲಿ ಕೊಯ್. ಮುಳ್ಳ್ ನಿನ್ ಬದಿಗ್ ಬಪ್ಪಂಗ್ ಹಿಡೀಬೇಡ. ಬೇಕಾದಷ್ಟ್ ಕೊಯ್,” ಅಂದಳು. ಕೊಯ್ದದ್ದನ್ನೆಲ್ಲ ನನ್ನೊಳಗೆ ಸುತ್ತಿ ಕಟ್ಟಿದರು. ದಾರಿಯುದ್ದಕ್ಕೂ ಹಸಿ ಮುಳ್ಳು ನನ್ನನ್ನು ಚುಚ್ಚುತ್ತಿತ್ತು. ಹಿಂದೆ ನಾನೂ ಹೀಗೆಯೇ ಚುಚ್ಚುತ್ತಿದ್ದೆ.

ಅಕ್ಕಣಿ ಕಲಿಸಿದಳು. ಬಯ್ಯುತ್ತಾ, ಕೈ ಮೇಲೆ ಹೊಡೆಯುತ್ತಾ, ಬಿಚ್ಚಿಸಿ ಮತ್ತೆ ನೇಯಿಸುತ್ತಾ ಕಲಿಸಿದಳು. “ಇದ್ ಚಾಪಿಯಾ, ಮೀನ್ ಬಲಿಯಾ? ಇದ್ರಗೆ ಬೂತಾಯಿ ಹಿಡೂಕಾತ್ತ್ ಕಾಣ್.” ಜಲಜ ತಿರುಗಿಸಿ ಕೊಡುತ್ತಿದ್ದಳು. ನಾನು ಪಕ್ಕದಲ್ಲಿ ಹಾಸಿಕೊಂಡಿದ್ದೆ, ಮಾದರಿಗೆ. ಜಲಜ ನೇಯುತ್ತಾ ನೇಯುತ್ತಾ ನನ್ನ ಕಡೆ ನೋಡುವಳು, ನನ್ನಲ್ಲಿದ್ದ ಹಾಗೆಯೇ ಎಳೆ ಹಾಕುವಳು. ಮೂರು ಅಂಚು ಮುಗಿಯಿತು. ನಾಲ್ಕನೆಯದಕ್ಕೆ ಬಂದಳು. ಹೊಸದಾಗಿ ಕಲಿತ ಕೈಗೆ ನಿಲ್ಲುವುದು ಗೊತ್ತಿರುವುದಿಲ್ಲ. ನನ್ನನ್ನೇ ನೋಡುತ್ತಾ ಒಂದು ಎಳೆಯನ್ನು ಮಡಿಸಿದಳು.

ಅಕ್ಕಣಿ ಸುಮ್ಮನಿದ್ದರೆ ಸಾಕಿತ್ತು. ನಾನು ನೋಡುತ್ತಿದ್ದೆ. ಒಂದು ಎಳೆ, ಇನ್ನೊಂದು ಎಳೆ, ತುದಿಯವರೆಗೆ, ಎಲ್ಲ ಮೊದಲಿನಂತೆಯೇ ಆಗುತ್ತಿತ್ತು. ಜಲಜ ಎರಡನೆಯ ಎಳೆಗೆ ಕೈ ಹಾಕಿದಳು.

ಅಕ್ಕಣಿ ತನ್ನ ಕೈಯನ್ನು ಅವಳ ಕೈಯ ಮೇಲಿಟ್ಟಳು.

“ಸಾಕ್ ಮಗ,” ಅಂದಳು. “ಅದನ್ ಹೊರಗೆಳಿ. ಅಂಚ್ ಇನ್ನೂ ಮುಗೀಲಿಲ್ಲ, ಅಡ್ಡಿಲ್ಲೆ. ಇನ್ ಬಿಡ್.”

ಜಲಜ ಎಳೆಯನ್ನು ಹೊರಗೆಳೆದಳು. ಆಮೇಲೆ ಇಬ್ಬರೂ ಆ ಬಿಟ್ಟ ಅಂಚನ್ನು ನೋಡುತ್ತಾ ಕುಳಿತರು. ಮೊದಲು ಅತ್ತವಳು ಜಲಜ. ಅಕ್ಕಣಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, “ಅಳ್, ಅಳ್. ಇಷ್ಟ್ ವರ್ಷ ನಾ ನಿಂಗೆ ಅಳೂಕೂ ಬಿಡ್ಲಿಲ್ಲ ಅಲ್ದಾ,” ಎಂದು ಬೆನ್ನು ತಟ್ಟಿದಳು.

ದಡಕ್ಕೆ ಹೊಸ ಚಾಪೆ ಹೋಯಿತು. ಈಗ ದಡವೆಂದರೆ ಕಲ್ಲು. ಕಲ್ಲು ಇಳಿದು ಉಳಿದ ಅಂಗೈಯಗಲ ಮರಳಿನಲ್ಲಿ ಹಾಸಿದರಂತೆ. ಹೆರಿಯಣ್ಣ ಅಂಗೈ ಆಡಿಸಿ ನೋಡಿ ತಲೆಯಾಡಿಸಿದನಂತೆ. ನಾನು ಜಗಲಿಯಲ್ಲಿದ್ದೆ. ಹೊಗೆ ಮಾತ್ರ ನನ್ನವರೆಗೆ ಬಂತು. ಒದ್ದೆ ಮುಂಡಿಗೆಯ ಹೊಗೆ, ಅದರ ಜೊತೆ ಹತ್ತಿಬಟ್ಟೆ ಸುಟ್ಟ ವಾಸನೆ. ಆ ಸಂಜೆ ಅಕ್ಕಣಿ ಒದ್ದೆ ಕಾಲಿನಲ್ಲಿ ಬಂದು ನನ್ನನ್ನು ಹಾಸಿದಳು, ಮತ್ತು ತಾನೇ ಮಲಗಿದಳು. ನನ್ನ ಜನ್ಮದಲ್ಲಿ ನನ್ನ ಮೇಲೆ ಬಿದ್ದ ಮೊದಲ ಮೈ ಅದು. ಇಷ್ಟು ಹಗುರವೇ ಮನುಷ್ಯರು ಎಂದುಕೊಂಡೆ. ಅವಳು ನನ್ನ ನಡುವೆ ಮಲಗಲಿಲ್ಲ, ಒಂದು ಬದಿಗೆ ಸರಿದು ಮಲಗಿದಳು.

ಜಲಜ ಸದಾನಂದನನ್ನು ಮದುವೆಯಾಗಿ ಹೊಳೆಯ ಆಚೆ ದಡಕ್ಕೆ ಹೋದಳು. ಹೋದವಳು ಹೋದ ಹಾಗೆಯೇ ಇರಲಿಲ್ಲ. ದೋಣಿ ಈಚೆ ಬಂದಾಗಲೆಲ್ಲ ಅವಳೂ ಬರುವಳು, ಅತ್ತೆಯ ತಲೆ ಬಾಚುವಳು, ನೇಯ್ಗೆಯಲ್ಲಿ ತಪ್ಪು ಹಿಡಿಸಿಕೊಂಡು ಜಗಳಾಡುವಳು. ಕೆಲವು ಮಳೆಗಾಲ ಹೀಗೆ ಕಳೆದ ಮೇಲೆ ಅಕ್ಕಣಿ ನನ್ನ ಮೇಲೆಯೇ, ಅದೇ ಬದಿಗೆ ಸರಿದು ಮಲಗಿದ್ದಲ್ಲೇ ತೀರಿಕೊಂಡಳು. ಮನೆಯ ಸಾಮಾನಿನಲ್ಲಿ ಏನು ಬೇಕು ಎಂದು ಹೆರಿಯಣ್ಣ ಕೇಳಿದ್ದಕ್ಕೆ ಜಲಜ ನನ್ನನ್ನು ತೋರಿಸಿದಳು.

ಈಗ ನಾನು ಸದಾನಂದನ ಮನೆಯ ಅಟ್ಟದಲ್ಲಿ ಸುರುಳಿಯಾಗಿ ಕುಳಿತಿದ್ದೇನೆ. ಎಳೆಗಳು ಕಂದಿವೆ, ಒಂದು ಮೂಲೆ ಇಲಿ ಕಡಿದಿದೆ. ಮಲಗಿ ಏಳುವವರಿಗೆ ಎಂದು ಅಂಚು ಮಡಿಸಿಕೊಂಡವನು ನಾನು. ಮಲಗಿ ಎದ್ದವರು ಕಡಿಮೆ. ಮುಳ್ಳಾಗಿದ್ದಾಗ ನನ್ನ ಕೆಲಸ ಹಿಡಿದುಕೊಳ್ಳುವುದಾಗಿತ್ತು, ಬಿಡುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಅದು ಮನುಷ್ಯರಿಗೂ ಸುಲಭವಲ್ಲ ಎಂಬುದನ್ನು ಒಂದು ಜಗಲಿಯಿಂದ ಕಂಡೆ.

ಮೊನ್ನೆ ಮಧ್ಯಾಹ್ನ ಸದಾನಂದನ ಅಕ್ಕ ಬಂದಿದ್ದಳು. ಊಟ ಮುಗಿದಿತ್ತು, ಅವಳಿಗೆ ತುಸು ಅಡ್ಡಾಗಬೇಕಿತ್ತು. ಸದಾನಂದ ಅಟ್ಟಕ್ಕೆ ಒಂದೇ ಕೈ ಚಾಚಿ ನನ್ನನ್ನು ಸರ್ರನೆ ಕೆಳಗೆ ಎಳೆದ.

“ಅದ್ ಬ್ಯಾಡ,” ಅಂದಳು ಜಲಜ, ಪಾತ್ರೆ ತೊಳೆಯುತ್ತಿದ್ದಲ್ಲಿಂದಲೇ. “ಅದ್ರ ಮೇಲೆ ಈಗ್ಳೂ ಜನ ಇತ್ತ್.”

ನನ್ನ ತೂಕ ಒಂದು ಒಣ ತೆಂಗಿನ ಗರಿಯಷ್ಟೂ ಇಲ್ಲ. ಆದರೂ ಸದಾನಂದ ಎರಡೂ ಕೈ ಕೊಟ್ಟು ನನ್ನನ್ನು ಎತ್ತಿ, ಮೆಲ್ಲಗೆ ಮೇಲಿಟ್ಟ.